ಬಾಡಿ ಕಿಟ್ ಹಾಕಿಸೋ ಮುಂಚೆ, ಬಳ್ಳಾರಿ ಬಿಸಿಲಲ್ಲಿ ನಿಂತು ಒಂದು ಲೆಕ್ಕ

ಬಾಡಿ ಕಿಟ್ ಅಂದರೆ ಕಾರಿನ ನೋಟ ಬದಲಿಸಲು ಹೊರಗಿನಿಂದ ಹಾಕಿಸುವ ಬಂಪರ್ ಮುಂತಾದ ಪೀಸ್‌ಗಳ ಸೆಟ್. ಅದರ ಫೈಬರ್ ಬಂಪರ್ ಪೆಟ್ಟಿಗೆಯಿಂದ ತೆಗೆದ ದಿನವೇ ಸಲೀಸಾಗಿ ಕೂತುಬಿಟ್ಟರೆ, ಒಂದೋ ನಿಮ್ಮ ಅದೃಷ್ಟ ದೊಡ್ಡದು, ಇಲ್ಲ ಟಿಂಕರ್ ಎಲ್ಲೋ ಜಗ್ಗಿ ಬೋಲ್ಟ್ ಬಿಗಿದಿದ್ದಾನೆ. ಜಗ್ಗಿ ಕೂರಿಸಿದ್ದು ಎರಡು ತಿಂಗಳಲ್ಲಿ ಬೋಲ್ಟಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ. ಫೈಬರನ್ನು ಹಿಡಿದಿಡುವ ಅಂಟು, ಅಂದರೆ ಪಾಲಿಯೆಸ್ಟರ್ ರೆಸಿನ್, ಗಟ್ಟಿಯಾಗುವಾಗ ಕುಗ್ಗುತ್ತದೆ. ಅಗ್ಗದ ಕಿಟ್‌ಗಳನ್ನು ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ಕಿತ್ತಿರುತ್ತಾರೆ, ಹಾಗಾಗಿ ಸಾಗಿಸುವಾಗಲೇ ಸೊಟ್ಟಗಾಗುತ್ತವೆ. ಬಾನೆಟ್ ಹತ್ತಿರ ಒಂದು ಕಡೆ 3 ಮಿ.ಮೀ. ಗ್ಯಾಪ್, ಇನ್ನೊಂದು ಕಡೆ 8 ಬಂದರೆ ಆಶ್ಚರ್ಯಪಡಬೇಡಿ. ಪಾಲಿಯುರೆಥೇನ್ ಅನ್ನುವ ಬಾಗುವ ಪ್ಲಾಸ್ಟಿಕ್‌ನ ಕಿಟ್ ಬಗ್ಗುತ್ತದೆ, ಬೇಗ ಒಡೆಯುವುದಿಲ್ಲ. ಆದರೆ ತೂಕ ಹೆಚ್ಚು, ಪೇಂಟೂ ಬಗ್ಗುವಂತೆ ಮಾಡುವ ಫ್ಲೆಕ್ಸ್ ಅಡಿಟಿವ್ ಬೆರೆಸದಿದ್ದರೆ ಬಣ್ಣವೇ ಸಿಡಿಯುತ್ತದೆ.

ಪೇಂಟ್ ಮಾಡಿಸಿ ಆಮೇಲೆ ಫಿಟ್ ಮಾಡೋಣ ಅನ್ನುವ ಅಂಗಡಿಯಿಂದ ಹಾಗೇ ವಾಪಸ್ ಬನ್ನಿ. ಮೊದಲು ಬಣ್ಣವಿಲ್ಲದೆ ಎಲ್ಲ ಪೀಸ್ ಕೂರಿಸಬೇಕು: ಹೆಡ್‌ಲೈಟ್ ಜಾಗದಲ್ಲಿರಬೇಕು, ಬಾನೆಟ್ ಮುಚ್ಚಿರಬೇಕು, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ತಾಗುತ್ತದಾ ನೋಡಬೇಕು. ಹೆಚ್ಚಾದಲ್ಲಿ ಉಜ್ಜಿ, ಕಡಿಮೆ ಬಿದ್ದಲ್ಲಿ ಹಿಂಬದಿಗೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಳೆ) ಕೊಟ್ಟು ತುಂಬಿಸುತ್ತಾರೆ. ಬೋಲ್ಟಿನ ತೂತು ಬೋಲ್ಟಿಗಿಂತ 2 ಮಿ.ಮೀ. ದೊಡ್ಡದಿರಲಿ, ಅಗಲ ವಾಷರ್ ಹಾಕಿ. ಮೇ ತಿಂಗಳ ಬಿಸಿಲಲ್ಲಿ ಕಪ್ಪು ಪ್ಯಾನೆಲ್ 60 ಡಿಗ್ರಿ ದಾಟುತ್ತದೆ. ಕಿಟ್ ಹಿಗ್ಗಲು ಜಾಗ ಬೇಕು. ಕಿಟ್ಟನ್ನು ಬಿಸಿಲಲ್ಲಿ ಗೋಡೆಗೆ ಒರಗಿಸಿಟ್ಟರೆ ಸಂಜೆ ಹೊತ್ತಿಗೆ ಬಿಲ್ಲಾಗಿರುತ್ತದೆ.

ಅಚ್ಚಿಗೆ ಸವರಿದ ಮೇಣ ಮೇಲ್ಮೈ ಮೇಲೆ ಉಳಿದಿರುತ್ತದೆ. ಗ್ರೀಸ್ ರಿಮೂವರ್‌ನಿಂದ ಒರೆಸದಿದ್ದರೆ ಪೇಂಟ್‌ನಲ್ಲಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತವೆ. ಸೂಜಿಮೊನೆಯಷ್ಟು ತೂತುಗಳು ಮೊದಲ ಕೋಟ್ ಪ್ರೈಮರ್ ಆದ ಮೇಲಷ್ಟೇ ಕಾಣಿಸುತ್ತವೆ. ಆಗಲೇ ಪುಟ್ಟಿ ತುಂಬಿ. ಬಿಟ್ಟರೆ ಒಳಗಿನ ಗಾಳಿ ಬಿಸಿಲಿಗೆ ಉಬ್ಬಿ ಬಣ್ಣ ಗುಳ್ಳೆ ಏಳುತ್ತದೆ.

ವೈಡ್‌ಬಾಡಿ, ಅಂದರೆ ಫೆಂಡರ್ (ಚಕ್ರದ ಮೇಲಿನ ತಗಡು) ಕತ್ತರಿಸಿ ಕಾರನ್ನು ಅಗಲ ಮಾಡುವ ಕಿಟ್, ಬೇರೆಯೇ ಕಥೆ. ಹಿಂದಿನ ಫೆಂಡರ್ ಒಂದು ತಗಡಲ್ಲ: ಹೊರಗಿನದು, ಒಳಗಿನದು, ಅಂಚಿನಲ್ಲಿ ಸ್ಪಾಟ್ ವೆಲ್ಡ್. ಅಂಚು ಕತ್ತರಿಸಿದ ಕೂಡಲೇ ಎರಡೂ ಬಾಯಿ ಬಿಡುತ್ತವೆ. ಒಳಗಿನ ತಗಡನ್ನು ಸೀಳು ಸೀಳಾಗಿ ಕತ್ತರಿಸಿ ಮೇಲಕ್ಕೆ ಮಡಚಿ, ಹೊರಗಿನದಕ್ಕೆ ವೆಲ್ಡ್ ಮಾಡಿ, ಇಪಾಕ್ಸಿ ಪ್ರೈಮರ್, ಮೇಲೆ ಸಂದು ಮುಚ್ಚುವ ಸೀಮ್ ಸೀಲರ್, ಕೊನೆಗೆ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಹೊಡೆಯಬೇಕು. ಬರೀ ಸಿಲಿಕಾನ್ ಮೆತ್ತಿ ಮೇಲೆ ಫ್ಲೇರ್ (ಕಿಟ್‌ನ ಅಗಲದ ಅಂಚು) ಮುಚ್ಚಿದರೆ ಕೆಸರು ಒಳಗೆ ಕೂತು ತುಕ್ಕು ಒಳಗಿಂದಲೇ ತಿನ್ನುತ್ತದೆ; ಗೊತ್ತಾಗುವಷ್ಟರಲ್ಲಿ ಬಣ್ಣ ಉಬ್ಬಿರುತ್ತದೆ. ಕತ್ತರಿಸಿದ ಫೆಂಡರನ್ನು ಮೊದಲಿನಂತೆ ಮಾಡುವುದು ಅಂದರೆ ಹೊಸ ಪ್ಯಾನೆಲ್ ವೆಲ್ಡಿಂಗೇ. ಅಗಲದ ವೀಲ್ ಹಾಕದಿದ್ದರೆ ಚಪ್ಪಲಿ ದೊಡ್ಡದು, ಕಾಲು ಸಣ್ಣದು ಅನ್ನುವ ಹಾಗೆ ಕಾಣುತ್ತದೆ.

ಮುಂದಿನ ಬಂಪರಿನ ಜಾಲರಿ ಎಷ್ಟು ತೆರೆದಿದೆ ಅಂತ ಹಳೆಯದರ ಪಕ್ಕ ಇಟ್ಟು ನೋಡಿ. ಎಷ್ಟೋ ಕಿಟ್‌ಗಳ ರಂಧ್ರ ಬರೀ ತೋರಿಕೆಗೆ, ಹಿಂದೆ ಮುಚ್ಚಿರುತ್ತದೆ. ಬಂಪರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಫೋಮ್ ಪಟ್ಟಿ ಅಂಟಿಸದಿದ್ದರೆ ಗಾಳಿ ಪಕ್ಕದಿಂದ ಜಾರಿಹೋಗುತ್ತದೆ. ರಾಯಲ್ ಸರ್ಕಲ್‌ನ ಟ್ರಾಫಿಕ್‌ನಲ್ಲಿ 42 ಡಿಗ್ರಿಗೆ ಮೊದಲು ಸೋಲುವುದು ಎ.ಸಿ. ಬಂಪರಿನ ಹಿಂದಿರುವ, ಡಿಕ್ಕಿಯ ಹೊಡೆತ ತಡೆಯುವ ಕ್ರ್ಯಾಶ್ ಬೀಮ್ ತೆಗೆಯಬೇಕು ಅನ್ನುವ ಕಿಟ್ ಆದರೆ ಬೇಡವೇ ಬೇಡ.

ಸ್ಪೀಡ್ ಬ್ರೇಕರ್ ವಿಷಯ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಓಣಿಯಲ್ಲಿ ಇರುವುದು ಯಾವ ಪ್ರಕಾರ ಅಂತ ದೇವರಿಗೇ ಗೊತ್ತು. ಬಂಪರಿನ ಕೆಳ ಅಂಚಿಗೆ ಹಾಕುವ ಲಿಪ್ ಕೆಳಗೂ ಇಳಿಯುತ್ತದೆ, ಮುಂದಕ್ಕೂ ಚಾಚುತ್ತದೆ, ಹಾಗಾಗಿ ಡಬಲ್ ನಷ್ಟ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಕಾರಿನ ಕಪ್ಪು ಲಿಪ್ಪನ್ನು ಒಣಬಟ್ಟೆಯಲ್ಲಿ ಒರೆಸಬೇಡಿ. ಅದಿರಿನ ಕೆಂಧೂಳು ಮರಳು ಕಾಗದದ ಕೆಲಸ ಮಾಡುತ್ತದೆ. ಮೊದಲು ನೀರು ಹೊಡೆಯಿರಿ.

ಕಾನೂನಿನಲ್ಲಿ, ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿ.

ಹಳೇ ಬಂಪರ್, ಕ್ಲಿಪ್‌ಗಳ ಸಮೇತ, ಗುಜರಿಗೆ ಹಾಕಬೇಡಿ. ಮನೆಯೊಳಗೆ ಅಟ್ಟದ ಮೇಲೆ ಇಡಿ, ತಗಡಿನ ಶೀಟ್ ಕೆಳಗಲ್ಲ.