ಜೋಡಿ ಸಿಲಿಂಡರ್, ತೋಟದ ಬಾವಿ, ಮೀನಿನ ತಕ್ಕಡಿ

ಜೂನ್ ಕೊನೆ. ನಾವು ಡೈವಿಂಗ್ ಮಾಡುವ ನೇತ್ರಾಣಿ ದ್ವೀಪದ ಕಡೆ ದೋಣಿ ಹೋಗುವುದಿಲ್ಲ, ಕಡಲು ಕೆಂಪಾಗಿದೆ. ಅಕ್ಟೋಬರ್ ತನಕ ಮಾಡುವುದಕ್ಕೆ ಇರುವುದು ಸಾಮಾನು ಜೋಡಿಸುವ ಕೆಲಸ ಮಾತ್ರ. ನೀರಿನಡಿ ಉಸಿರಾಡುವ ಗಾಳಿಗೆಂದು ಕಳೆದ ವರ್ಷ ತಂದ ಎರಡು ಅಲ್ಯೂಮಿನಿಯಂ ಸಿಲಿಂಡರ್‌ಗಳಿಗೆ ಸ್ಟೀಲ್ ಬ್ಯಾಂಡ್ ಬಿಗಿದು, ಎರಡನ್ನೂ ಸೇರಿಸುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ಕೂರಿಸಿ, ಬೆನ್ನಿಗೆ ಹೊರುವ ಸ್ಟೀಲ್ ಬ್ಯಾಕ್‌ಪ್ಲೇಟ್‌ಗೆ ಕಟ್ಟಿದ್ದಾಯಿತು. ಉಳಿದದ್ದು ವಿಂಗ್, ಅಂದರೆ ಬೆನ್ನ ಮೇಲೆ ಗಾಳಿ ತುಂಬಿಕೊಂಡು ನಮ್ಮನ್ನು ತೇಲಿಸುವ ಚೀಲ. 27 ಕಿಲೋ ಲಿಫ್ಟ್‌ನದು, ಅಂದರೆ ಅಷ್ಟು ಭಾರ ತೇಲಿಸುವಂಥದ್ದು, ತಗೋಬೇಕಾ, 18ರದು ಸಾಕಾ?

ಕೇಳಿದವರೆಲ್ಲ ಹೇಳಿದ್ದು ಒಂದೇ: ದೊಡ್ಡದೇ ತಗೋ, ಜಾಸ್ತಿ ಇದ್ರೆ ನಷ್ಟ ಏನು? ನಷ್ಟ ಇದೆ. ಅರ್ಧವೂ ತುಂಬದ ದೊಡ್ಡ ಚೀಲದ ಅಂಚುಗಳು ಸಿಲಿಂಡರ್‌ಗಳನ್ನು ಸುತ್ತಿಕೊಳ್ಳುತ್ತವೆ. ಗಾಳಿ ಒಂದು ಮಗ್ಗುಲಲ್ಲಿ ಸಿಕ್ಕಿಬೀಳುತ್ತದೆ. ಬಿಡಬೇಕೆಂದಾಗ ಬಿಡಲು ಬರುವುದಿಲ್ಲ, ಈಜುವಾಗ ನೀರನ್ನು ಎಳೆಯುತ್ತದೆ. ಹಾಗಂತ ಒಂಟಿ ಸಿಲಿಂಡರ್‌ನ ಹಳೇ ವಿಂಗ್ ಹಾಕೋಣವೆಂದರೆ ಅದು ಅಗಲ ಸಾಲದು, ಎರಡು ಸಿಲಿಂಡರ್‌ಗಳ ಅಡಿ ಸಿಕ್ಕಿ ಪೂರ್ತಿ ಉಬ್ಬುವುದೇ ಇಲ್ಲ.

ಊಹೆ ಸಾಕೆನಿಸಿತು. ತೂಗಿಯೇ ಬಿಡೋಣ.

ಜುಲೈ, ಒಂದು ಭಾನುವಾರ. ಕಾರವಾರದ ಮಳೆಗೆ ತೋಟದ ಬಾವಿ ಕಟ್ಟೆಯ ಹತ್ತಿರ ತುಂಬಿತ್ತು. ನಮಗೆ ದಿನಾ ಮೀನು ಕೊಡುವ ಅಕ್ಕನ ಕೊಕ್ಕೆ ತಕ್ಕಡಿ ಇಸ್ಕೊಂಡು ಬಂದೆ. 50 ಕಿಲೋ ತನಕ ತೂಗುತ್ತದೆ, ಬಂಗುಡೆ ವಾಸನೆ ಪುಕ್ಕಟೆ. ಅದನ್ನು ರಾಟೆಯ ಮರಕ್ಕೆ ಕಟ್ಟಿ, ಅದರ ಕೊಕ್ಕೆಗೆ ಸೆಟ್ ನೇತುಹಾಕಿದೆ. ಸಿಲಿಂಡರ್ ಪೂರ್ತಿ ತುಂಬಿದೆ, ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಎರಡೂ ಇವೆ. ಒಣಗಿದ್ದಾಗ 45 ಕಿಲೋ. ಅಮ್ಮ ಅಡುಗೆಮನೆ ಕಿಟಕಿಯಿಂದ, "ಆ ನೀರು ತೋಟಕ್ಕೆ ಬಿಡ್ಬೇಕು ಮಾರಾಯ, ಅದಕ್ಕೇನು ಇಳಿಸ್ತಾ ಇದ್ದೀಯಾ?" ಅಂತ ಕೂಗಿದರು.

ಪೂರ್ತಿ ಮುಳುಗಿಸಿದಾಗ ಮುಳ್ಳು 7 ಕಿಲೋ ತೋರಿಸಿತು. ಇಷ್ಟು ಕಡಿಮೆಯಾ? ಮೇಲೆತ್ತಿ ನೋಡಿದರೆ ತಪ್ಪು ನನ್ನದೇ. ಅಳತೆಗೆಂದು ಕಟ್ಟಿದ್ದ, ಗೆಳೆಯನಿಂದ ಎರವಲು ತಂದ 18ರ ವಿಂಗ್‌ನ ಮೂಲೆಯಲ್ಲಿ ಗಾಳಿ ಉಳಿದಿತ್ತು. ಹಿಂಡಿ ಹಿಂಡಿ ಖಾಲಿ ಮಾಡಿ ಮತ್ತೆ ಇಳಿಸಿದೆ. 9.4.

ಇದು ಸಿಹಿನೀರಿನ ಲೆಕ್ಕ. 45ರಲ್ಲಿ 9.4 ಕಳೆದರೆ ಸೆಟ್ ಸರಿಸಿದ ನೀರು ಹತ್ತಿರ ಹತ್ತಿರ 36 ಲೀಟರ್. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ, ಹಾಗಾಗಿ ಸಮುದ್ರದಲ್ಲಿ ಇದೇ ಸೆಟ್ ಸುಮಾರು 8.5 ಕಿಲೋ ತೂಗುತ್ತದೆ. ಮೈಯನ್ನೂ ಸೇರಿಸಿದರೆ ಇದೇ ವ್ಯತ್ಯಾಸ 3 ಕಿಲೋ ತನಕ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಕಾಳಿ ನದಿ ಸೇರುವಲ್ಲಿ ಮೇಲುಗಡೆ ಸಿಹಿನೀರಿರುತ್ತೆ, ಅಲ್ಲಿ ಇಳಿಯುವವರು ಇದನ್ನು ನೆನಪಿಡಬೇಕು.

ಈಗ ಗಾಳಿಯ ತೂಕ. ಹೊಸಬರು ಮರೆಯುವುದು ಇದನ್ನೇ. ಒಂದು ಸಿಲಿಂಡರ್ 11.1 ಲೀಟರ್, 207 ಬಾರ್ ಒತ್ತಡ. ಎರಡರಲ್ಲೂ ಸೇರಿ ಸುಮಾರು 5.2 ಕಿಲೋ ಗಾಳಿ. 50 ಬಾರ್‌ಗೆ ಇಳಿಸಿ ಮತ್ತೆ ತೂಗಿದೆ: 5.5. ಅಂದರೆ ಸುಮಾರು 4 ಕಿಲೋ ಗಾಳಿಯಾಗಿ ಹೋಗಿದೆ. ಸಮುದ್ರದಲ್ಲಿ 4.6 ಆಗುತ್ತೆ. ಮೈ ಬೆಚ್ಚಗಿಡುವ ನನ್ನ 3 ಮಿ.ಮೀ. ದಪ್ಪದ ವೆಟ್‌ಸೂಟ್ ಹಾಕಿದರೆ ನಾನು ತೇಲುವುದೂ ಹೆಚ್ಚುಕಡಿಮೆ 4 ಕಿಲೋ. ಅಲ್ಲಿಗೆ ಡೈವ್ ಕೊನೆಯಲ್ಲಿ ಸಮ, ಮುಳುಗಲೆಂದು ಕಟ್ಟುವ ಸೀಸದ ಬೆಲ್ಟ್ ಬೇಕಾಗಿಲ್ಲ! ಆದರೆ ತುರ್ತಿನಲ್ಲಿ ಬಿಸಾಕಿ ಹಗುರಾಗಲು ಸೀಸ ಇಲ್ಲ ಎಂಬುದೂ ನಿಜ, ಅದಕ್ಕೆ ಮುಂದೆ ಬರುತ್ತೇನೆ.

ಹಾಗಾದರೆ ಎಷ್ಟು ಲಿಫ್ಟ್? ಎರಡು ಲೆಕ್ಕ ಹಾಕಿ ದೊಡ್ಡದನ್ನು ಇಟ್ಟುಕೊಂಡೆ. ಆರಂಭದಲ್ಲಿ ಆಳಕ್ಕೆ ಇಳಿದಾಗ ಮುಂದೆ ಉಸಿರಾಡಲಿರುವ 4 ಕಿಲೋ ಗಾಳಿಯ ಭಾರ, ಒತ್ತಡಕ್ಕೆ ಸೂಟ್ ಕುಗ್ಗಿ ಕಳೆದುಕೊಳ್ಳುವ 2 ಕಿಲೋ, ಒಟ್ಟು 6. ಸೆಟ್ ಕಳಚಿ ನೀರಲ್ಲಿ ಬಿಟ್ಟರೆ ತಾನೇ ತೇಲಬೇಕಾದರೆ 8.5. ಅದರ ಮೇಲೆ ನನ್ನ ತಲೆ ನೀರಿನ ಮೇಲೆ ಇರಬೇಕಲ್ಲ. 18 ಧಾರಾಳ. ದಪ್ಪ ಸೂಟ್ ಹಾಕಿ ಸ್ಟೀಲ್ ಸಿಲಿಂಡರ್ ಹೊರುವ ತಣ್ಣೀರಿನವರ ಲೆಕ್ಕ ಬೇರೆ, ಅವರಿಗೆ 27 ಬೇಕಾದೀತು.

ಆಗಸ್ಟ್. ಎರವಲು ವಿಂಗ್ ವಾಪಸ್ ಕೊಟ್ಟು, ಹಳೇದೊಂದು 18ರದು ಕೊಂಡೆ. ರಾತ್ರಿ ಉಬ್ಬಿಸಿಟ್ಟರೆ ಬೆಳಿಗ್ಗೆ ಹಪ್ಪಳದಂತೆ ಚಪ್ಪಟೆ. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಅದ್ದಿದಾಗ ಕೆಳಗಿನ, ಗಾಳಿ ಹೊರಬಿಡುವ ಡಂಪ್ ವಾಲ್ವ್‌ನಿಂದ ಒಂದೊಂದೇ ಗುಳ್ಳೆ. ಬಿಚ್ಚಿದೆ. ರಬ್ಬರ್ ಅಂಚಿನಲ್ಲಿ ಒಂದೇ ಒಂದು ಮರಳಿನ ಕಣ! ಒರೆಸಿ ಹಾಕಿದ ಮೇಲೆ ಎರಡು ದಿನ ಗಟ್ಟಿ ನಿಂತಿತು. ಬಾವಿಗೆ ಇಳಿಸಿ ಉಬ್ಬಿಸಿದೆ, ಮೇಲೆ ತಲೆಯ ಲೆಕ್ಕಕ್ಕೆ 5 ಕಿಲೋ ತೂಕದ ಬಟ್ಟು ಕಟ್ಟಿದೆ. ಆದರೂ ಮ್ಯಾನಿಫೋಲ್ಡ್ ನೀರಿನ ಮೇಲೇ ಇತ್ತು.

ಉಳಿದ ಪ್ರಶ್ನೆ ಒಂದೇ. ಆರಂಭದಲ್ಲೇ ವಿಂಗ್ ಹರಿದರೆ ಆ 6 ಕಿಲೋ ಹೊತ್ತು ಕಾಲು ಬಡಿದು ಮೇಲೆ ಬರಬಲ್ಲೆನಾ? ಕಷ್ಟ ಎಂದೇ ನನ್ನ ಅಂದಾಜು. ಆಸರೆಗೆ ಕೈಯಲ್ಲಿ ಮೇಲ್ಮೈ ಸೂಚಕ ಬಲೂನ್ ಮತ್ತು ಅದರ ದಾರದ ರೀಲ್ ಇರುತ್ತೆ, ಆಂಕರ್ ಹಗ್ಗವೂ ಇರುತ್ತೆ. ಅಕ್ಟೋಬರ್‌ನಲ್ಲಿ ಮೊದಲ ಡೈವ್ 6 ಮೀಟರಿನಲ್ಲಿ, ಜೊತೆಗಾರನ ಕೈ ಹಗ್ಗದ ಮೇಲೆ, ವಿಂಗ್ ಪೂರ್ತಿ ಖಾಲಿ ಮಾಡಿ ಈಜಿ ನೋಡುವುದು. ಆಗಲ್ಲ ಅನ್ನಿಸಿದರೆ ಸ್ಟೀಲ್ ಪ್ಲೇಟ್ ತೆಗೆದು ಅಲ್ಯೂಮಿನಿಯಂ ಪ್ಲೇಟ್ ಹಾಕುತ್ತೇನೆ, ಹಗುರಾದಷ್ಟನ್ನು ಬಿಸಾಕಬಹುದಾದ ಬೆಲ್ಟ್‌ನಲ್ಲಿ ಸೀಸವಾಗಿ ಕಟ್ಟಿಕೊಳ್ಳುತ್ತೇನೆ.

ತಕ್ಕಡಿ ನಿನ್ನೆ ವಾಪಸ್ ಕೊಟ್ಟೆ. ಅಕ್ಕ ಮೂಸಿ ನೋಡಿ, "ತೊಳೆದು ಕೊಟ್ಟಿದ್ದೀಯಲ್ಲ ತಮ್ಮಾ, ಮೀನಿನ ವಾಸನೆನೇ ಹೋಗ್ಬಿಟ್ಟಿದೆ" ಅಂದಳು.