ಶಿರಸಿ ಸೀಮೆಗೆ ಒಗ್ಗುವ ಗ್ಯಾಜೆಟ್ಟು

ಯಾವ ಮೊಬೈಲ್ ತಗೊಳ್ಳಲಿ, ಯಾವ ಟಿವಿ ತಗೊಳ್ಳಲಿ ಅಂತ ನೆಂಟರು, ಗೆಳೆಯರು ಕೇಳುತ್ತಲೇ ಇರುತ್ತಾರೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು ಜಾಸ್ತಿ ಅನ್ನೋದು ಎಲ್ಲರಿಗೂ ಗೊತ್ತು. ಅವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮನೆ ಅರ್ಥಿಂಗ್, ಅಂದರೆ ಹೆಚ್ಚಿನ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಸರಿ ಇದೆಯಾ?

ಕ್ಯಾಮೆರಾ, ಪ್ರೊಸೆಸರ್, ಮೆಗಾಪಿಕ್ಸೆಲ್ ಎಲ್ಲ ಆಮೇಲೆ. ಯೂಟ್ಯೂಬಿನಲ್ಲಿ ರಿವ್ಯೂ ಮಾಡುವವರು ಹೆಚ್ಚಾಗಿ ದೊಡ್ಡ ಊರಿನಲ್ಲಿ ಇರುತ್ತಾರೆ. ಅವರು ಹೇಳೋದು ಸುಳ್ಳಲ್ಲ. ಆದರೆ ತೋಟದ ತಲೆಗೆ ಮನೆ, ಮನೆ ಸುತ್ತ ಮರ, ಮೇ ತಿಂಗಳಲ್ಲಿ ಸಿಡಿಲು, ಜುಲೈಯಲ್ಲಿ ಬಟ್ಟೆ ಒಣಗದ ತೇವ, ಮುಖ್ಯವಾದ ಸರ್ವಿಸ್ ಸೆಂಟರ್ ಬೇಕೆಂದರೆ 100 ಕಿಲೋಮೀಟರ್ ದೂರದ ಹುಬ್ಬಳ್ಳಿ. ಇದು ಅವರ ರಿವ್ಯೂನಲ್ಲಿ ಬರೋದಿಲ್ಲ. ನಮ್ಮ ಕಡೆ ಒಂದು ವಸ್ತು ಒಳ್ಳೆಯದೋ ಅಲ್ಲವೋ ಅಂತ ಹೇಳಬೇಕಾದರೆ ಅದು ಮೂರು ಮಳೆಗಾಲ ಕಳೆದಿರಬೇಕು. ನಾನು ಹಾಗೇ ಅಳೆಯೋದು.

ಸಿಡಿಲಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಜಾಸ್ತಿ ಸಾಮಾನು ಸುಟ್ಟುಹೋಗುವುದು ಅದರಿಂದಲೇ. ಎಲ್ಲರೂ ಜೂನ್, ಜುಲೈ ಮಳೆಗೆ ಹೆದರುತ್ತಾರೆ. ಎಲೆಕ್ಟ್ರಾನಿಕ್ ಸಾಮಾನಿಗೆ ನಿಜವಾದ ಕೆಟ್ಟ ಕಾಲ ಅದಕ್ಕಿಂತ ಮುಂಚೆ, ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ. ಸಂಜೆ ನಾಲ್ಕಕ್ಕೆ ಮೋಡ ಕಟ್ಟುತ್ತದೆ, ಐದಕ್ಕೆ ಗುಡುಗು. ಅಕ್ಟೋಬರಿನಲ್ಲಿ ಚಿತ್ತೆ, ಸ್ವಾತಿ ಬಂದಾಗ ಮತ್ತೊಂದು ಸುತ್ತು. ನಡುವಿನ ಮುಂಗಾರಿನಲ್ಲಿ ನೀರು ಜಾಸ್ತಿ, ಸಿಡಿಲು ಕಡಿಮೆ.

ಸಿಡಿಲು ಮನೆ ಮೇಲೇ ಬೀಳಬೇಕೆಂದಿಲ್ಲ. ದೂರದ ಲೈನಿಗೆ ಬಡಿದರೂ ಅದರ ಏಟು ತಂತಿ ಹಿಡಿದು ಒಳಗೆ ಬರುತ್ತದೆ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಇದೆ. ಅದರೊಳಗೆ ಎಂಓವಿ ಅಂತ ಬಿಲ್ಲೆಯಂಥ ಒಂದು ಬಿಡಿಭಾಗ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಅದು ಬಾಗಿಲು ತೆರೆದು ಹೆಚ್ಚಿನ ಏಟನ್ನು ಅರ್ಥ್ ಕಡೆಗೆ ದಾಟಿಸುತ್ತದೆ. ಅರ್ಥೇ ಇಲ್ಲದ ಮನೆಯಲ್ಲಿ ಎಲ್ಲಿಗೆ ದಾಟಿಸಬೇಕು? ಹಳೇ ಮನೆಗಳಲ್ಲಿ ಎಷ್ಟೋ ಕಡೆ ಮೂರು ಪಿನ್ನಿನ ಸಾಕೆಟ್ ಇದೆ, ಹಿಂದೆ ಅರ್ಥ್ ವೈರೇ ಇಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ನು ಉದ್ದ, ದಪ್ಪ. ಹಾಕುವಾಗ ಅದೇ ಮೊದಲು ತಾಗಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು ಅಂತಲೇ ಹಾಗೆ ಮಾಡಿದ್ದಾರೆ. ಅಷ್ಟು ಯೋಚನೆ ಮಾಡಿ ಇಟ್ಟ ಪಿನ್ನನ್ನು ಟೂ ಪಿನ್ ಅಡಾಪ್ಟರ್ ಹಾಕಿ ವ್ಯರ್ಥ ಮಾಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಅಂಗಡಿಯಲ್ಲಿ ಸ್ಪೈಕ್ ಗಾರ್ಡ್ ಅಂತ ಮಾರುವ ಎಷ್ಟೋ ಪೆಟ್ಟಿಗೆಗಳು ಬರೀ ಎಕ್ಸ್‌ಟೆನ್ಷನ್ ಬೋರ್ಡು. ಒಂದು ಸ್ವಿಚ್ಚು, ಒಂದು ಫ್ಯೂಸು, ಅಷ್ಟೇ. ಡಬ್ಬದ ಮೇಲೆ ಜೂಲ್ ಲೆಕ್ಕ, ಅಂದರೆ ಎಷ್ಟು ಏಟು ತಡೆಯುತ್ತದೆ ಅನ್ನುವ ಅಳತೆ, ಬರೆದಿದೆಯಾ ನೋಡಿ. ಪ್ರೊಟೆಕ್ಷನ್ ಲೈಟ್ ಬೇರೆಯಾಗಿ ಇದೆಯಾ ನೋಡಿ. ಎಂಓವಿ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಆ ಲೈಟು ಆರಿದ ಮೇಲೆ ಆ ಪೆಟ್ಟಿಗೆ ಕರೆಂಟ್ ಕೊಡಬಹುದು, ಕಾಪಾಡುವುದಿಲ್ಲ. ಐವತ್ತು ಸಾವಿರದ ಟಿವಿ ತಂದು ಇನ್ನೂರು ರೂಪಾಯಿ ಬೋರ್ಡಿಗೆ ಚುಚ್ಚುವ ಬದಲು, ಟಿವಿ ಒಂದು ಸೈಜ್ ಚಿಕ್ಕದು ತಗೊಂಡು ಉಳಿದ ದುಡ್ಡಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ ಮಾಡಿಸಿ. ನಮ್ಮನೆಯಲ್ಲಿ ಗುಂಡಿ ಇರುವುದು ಬಚ್ಚಲ ನೀರು ಹರಿಯುವ ಕಡೆ. ನೆಲ ಒದ್ದೆ ಇದ್ದಷ್ಟೂ ಅರ್ಥ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಅಪ್ಪಯ್ಯ ಬೇಸಿಗೆ ಪೂರ್ತಿ ಅದಕ್ಕೆ ಬೇರೆಯಾಗಿ ಕೊಡಗಟ್ಟಲೆ ನೀರು ಹೊಯ್ಯುತ್ತಾರೆ.

ಇಷ್ಟೆಲ್ಲ ಇದ್ದರೂ ಹತ್ತಿರದಲ್ಲೇ ಸಿಡಿಲು ಬಡಿದರೆ ಯಾವ ಪೆಟ್ಟಿಗೆಯೂ ತಡೆಯುವುದಿಲ್ಲ. ಪ್ಲಗ್ ಕಿತ್ತಿಡುವುದೇ ಗಟ್ಟಿ. ಪುಣೆಯ ಐಐಟಿಎಂ ಸಂಸ್ಥೆ ಮಾಡಿದ ದಾಮಿನಿ ಆ್ಯಪ್ ನನ್ನ ಫೋನಿನಲ್ಲಿ ಸದಾ ಇರುತ್ತದೆ. ನಾವಿರುವ ಜಾಗದ 20 ಮತ್ತು 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲು ಬೀಳುತ್ತಿದೆಯಾ ಅಂತ ತೋರಿಸುತ್ತದೆ. ಪುಕ್ಕಟೆ. ಎಲ್ಲರೂ ಹಾಕಿಕೊಳ್ಳಿ. ಆದರೆ ನಮ್ಮನೆಯಲ್ಲಿ ಎಷ್ಟೋ ಸಲ ಅದಕ್ಕಿಂತ ಮೊದಲೇ ಆಯಿ ಅಡುಗೆಮನೆಯಿಂದ ಕೂಗಿರುತ್ತಾಳೆ: "ತಮಾ, ಗುಡುಗು ಶುರುವಾತು, ಪ್ಲಗ್ ತೆಗೆ!"

ಇಲ್ಲಿ ಫೈಬರ್ ಮಾಡಿದ ಉಪಕಾರ ದೊಡ್ಡದು. ಹಿಂದೆ ಲ್ಯಾಂಡ್‌ಲೈನ್ ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದಾಗ, ಪ್ಲಗ್ ಕಿತ್ತಿಟ್ಟರೂ ಫೋನ್ ತಂತಿ ಹಿಡಿದು ಸಿಡಿಲು ಬಂದು ಮೋಡೆಮ್ ಸುಡುತ್ತಿತ್ತು. ಫೈಬರ್ ಅಂದರೆ ಗಾಜು. ಅದರಲ್ಲಿ ಹರಿಯುವುದು ಬೆಳಕು, ಕರೆಂಟ್ ಅಲ್ಲ. ಆ ದಾರಿಯಿಂದ ಸಿಡಿಲು ರೂಟರಿಗೆ ಬರುವುದಿಲ್ಲ. ಉಳಿದಿದ್ದು ಗೋಡೆಯ ಅಡಾಪ್ಟರ್ ಒಂದೇ, ಅದನ್ನು ಕಿತ್ತರೆ ಸಾಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮನೆಗೆ ಬರುವ ಫೈಬರ್ ಜಿಪಾನ್ ಪದ್ಧತಿಯದ್ದಾದರೆ, ಎಕ್ಸ್‌ಚೇಂಜಿನಿಂದ ನಿಮ್ಮನೆ ಗೋಡೆಯವರೆಗೆ ನಡುವೆ ಎಲ್ಲೂ ಕರೆಂಟ್ ಬೇಕಾಗಿಲ್ಲ. ದಾರಿಯಲ್ಲಿರುವುದು ಬೆಳಕನ್ನು ಹಂಚುವ ಸ್ಪ್ಲಿಟರ್, ಅದಕ್ಕೆ ವಿದ್ಯುತ್ ಬೇಡ. ಅಂದರೆ ಆ ತುದಿಯಲ್ಲಿ ಬ್ಯಾಟರಿ ಇದ್ದು, ಈ ತುದಿಯಲ್ಲಿ ನಿಮ್ಮ ರೂಟರಿಗೆ ಬ್ಯಾಟರಿ ಇದ್ದರೆ, ಇಡೀ ಊರು ಕತ್ತಲಲ್ಲಿದ್ದರೂ ನೆಟ್ ನಡೆಯುತ್ತದೆ. ಕಂಬ ಕಂಬಕ್ಕೆ ಸ್ವಿಚ್ ಪೆಟ್ಟಿಗೆ ಇಟ್ಟು ಕೊಡುವ ಕನೆಕ್ಷನ್ ಹಾಗಲ್ಲ. ಮಧ್ಯದ ಒಂದು ಪೆಟ್ಟಿಗೆಗೆ ಕರೆಂಟ್ ಹೋದರೆ ಆಚೆಗಿನ ಎಲ್ಲರದ್ದೂ ಹೋಯಿತು. ಕನೆಕ್ಷನ್ ತಗೊಳ್ಳುವಾಗ ಎಷ್ಟು ಎಂಬಿಪಿಎಸ್ ಅಂತ ಕೇಳುವ ಮುಂಚೆ ಇದನ್ನು ಕೇಳಬೇಕು.

ರೂಟರಿಗೆ ಬ್ಯಾಟರಿ ಅಂದರೆ ದೊಡ್ಡ ಇನ್ವರ್ಟರೇ ಬೇಕು ಅಂತ ಏನಿಲ್ಲ. ಇನ್ವರ್ಟರ್ ಮಾಡುವುದು ನೋಡಿ: 12 ವೋಲ್ಟಿನ ಬ್ಯಾಟರಿಯಿಂದ 230 ವೋಲ್ಟ್ ಮಾಡುತ್ತದೆ, ರೂಟರಿನ ಅಡಾಪ್ಟರ್ ಅದನ್ನು ಮತ್ತೆ 12ಕ್ಕೆ ಇಳಿಸುತ್ತದೆ. ಹತ್ತು ವಾಟಿನ ರೂಟರಿಗಾಗಿ ಇಷ್ಟು ಹತ್ತಿ ಇಳಿಯುವ ದಾರಿಯಲ್ಲಿ ಬ್ಯಾಟರಿ ಸುಮ್ನೆ ಕರಗುತ್ತದೆ. ಅಂಗೈಯಗಲದ ಮಿನಿ ಯುಪಿಎಸ್ ನೇರವಾಗಿ 12 ವೋಲ್ಟ್ ಕೊಡುತ್ತದೆ, ಮೂರ್ನಾಲ್ಕು ತಾಸು ಆರಾಮಾಗಿ ಓಡುತ್ತದೆ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿ. ಔಟ್‌ಪುಟ್ ಅನ್ನುವ ಸಾಲಿನಲ್ಲಿ 12 ವೋಲ್ಟ್, 1 ಆಂಪಿಯರ್ ಅಂತಲೋ 1.5 ಅಂತಲೋ ಇರುತ್ತದೆ. ಕೆಲವು 9 ವೋಲ್ಟಿನವೂ ಇವೆ. ಯುಪಿಎಸ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಪಕ್ಕದಲ್ಲಿ ಒಂದು ಚುಕ್ಕೆ, ಅದರ ಸುತ್ತ ಅರ್ಧ ವೃತ್ತ, ಪ್ಲಸ್ ಮೈನಸ್ ಚಿತ್ರ ಇರುತ್ತದೆ. ಅದೂ ಹೊಂದಬೇಕು.

ಮಳೆಗಾಲದಲ್ಲಿ ಫೈಬರ್‌ಗೆ ಇರುವ ಶತ್ರು ಮರದ ಕೊಂಬೆ. ರೂಟರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಅನ್ನುವ ಕೆಂಪು ದೀಪ ಮಿಣುಕಿದರೆ ಎಲ್ಲೋ ತುಂಡಾಗಿದೆ ಅಂತ ಅರ್ಥ. ಹೋದ ಆಷಾಢದಲ್ಲಿ ನಮ್ಮ ದಾರಿಯ ತಿರುವಿನಲ್ಲಿ ಹೀಗೇ ಆಗಿತ್ತು. ಜೋಡಿಸಲು ಬಂದ ಹುಡುಗ ಸ್ಕೂಟರ್ ಸೀಟಿನ ಮೇಲೆ ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಇಟ್ಟ. "ಅಣ್ಣಾ, ಛತ್ರಿ ಸ್ವಲ್ಪ ಈ ಬದಿ ಹಿಡೀರಿ, ಒಂದು ಹನಿ ಬೀಳಬಾರದು" ಅಂದ. ಮೇಲಿನ ಹೊದಿಕೆ ಸುಲಿದ, ಸ್ಪಿರಿಟ್ ಹಚ್ಚಿ ಒರೆಸಿದ, ಪುಟ್ಟ ಕತ್ತರಿಯಂಥದ್ದರಲ್ಲಿ ತುದಿಯನ್ನು ನೇರ ಕತ್ತರಿಸಿದ. ಗಾಜಿನೆಳೆಯ ದಪ್ಪ 125 ಮೈಕ್ರಾನ್, ಬೆಳಕು ಹರಿಯುವ ಒಳಗಿನ ತಿರುಳು ಬರೀ 9 ಮೈಕ್ರಾನ್. ಮೆಷಿನ್ನಿನ ಪರದೆ ಮೇಲೆ ಎರಡು ತುದಿ ದೊಡ್ಡದಾಗಿ ಕಂಡವು, ತಾವೇ ಸರಿದು ಎದುರುಬದುರು ನಿಂತವು, ಚಿಟಕ್ ಅಂತ ಕಿಡಿ ಹಾರಿ ಒಂದಾದವು. 0.02 ಡಿಬಿ ಅಂತ ತೋರಿಸಿತು. ಅಂದರೆ ಬೆಳಕು ಹೆಚ್ಚುಕಡಿಮೆ ಸೋರಿಕೆಯೇ ಇಲ್ಲದೆ ದಾಟುತ್ತಿದೆ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಅಂಥ ಮಳೆಯಲ್ಲಿ, ಅಷ್ಟು ನಾಜೂಕು ಕೆಲಸ! ನನ್ನ ಮಟ್ಟಿಗೆ ನಮ್ಮ ಊರಿನ ಅತಿ ದೊಡ್ಡ ಟೆಕ್ನಾಲಜಿ ಮನುಷ್ಯ ಅವನೇ. ಅವನಿಗೆ ಒಂದು ಲೋಟ ಕಷಾಯ ಕೊಡದೆ ಕಳಿಸಬೇಡಿ.

ನೆಟ್ ಗಟ್ಟಿಯಾದ ಮನೆಯಲ್ಲಿ ವೈ-ಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಫೋನಿನ ಸಿಮ್ ಸೆಟ್ಟಿಂಗಿನಲ್ಲಿ ಒಂದು ಗುಂಡಿ, ಅಷ್ಟೇ. ಸಿಗ್ನಲ್ ಇಲ್ಲದ ಕಡೆಯೂ ಸಾಮಾನ್ಯ ನಂಬರಿಗೆ ಸಾಮಾನ್ಯ ಕರೆ ಹೋಗುತ್ತದೆ. ನಮ್ಮನೆಯಲ್ಲಿ ಬ್ಯಾಂಕಿನ ಓಟಿಪಿ ಕೂಡ ಈಗ ಹಾಗೇ ಬರುತ್ತದೆ. ಮೊದಲು ಓಟಿಪಿಗಾಗಿ ಗುಡ್ಡ ಹತ್ತಿ, ಬಂದ ಕೂಡಲೇ ಓಡಿ ಕೆಳಗಿಳಿದು ಕಂಪ್ಯೂಟರಿಗೆ ಹಾಕುವಷ್ಟರಲ್ಲಿ ಟೈಮ್ ಮುಗಿದಿರುತ್ತಿತ್ತು. ಹೊಸ ಫೋನ್ ತಗೊಳ್ಳುವಾಗ ನಿಮ್ಮ ಸಿಮ್ ಕಂಪನಿಯ ವೈ-ಫೈ ಕಾಲಿಂಗ್ ಆ ಮಾಡೆಲ್‌ನಲ್ಲಿ ನಡೆಯುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. ಹಳ್ಳಿಮನೆಗೆ ಇದು ನಾಲ್ಕನೇ ಕ್ಯಾಮೆರಾಕ್ಕಿಂತ ಸಾವಿರ ಪಾಲು ಮೇಲು.

ಇನ್ನು ತೇವ. ಕ್ಯಾಮೆರಾ ಲೆನ್ಸಿಗೆ ಇಲ್ಲಿ ಬೂಷ್ಟು ಹಿಡಿಯುತ್ತದೆ, ಗಾಜಿನೊಳಗೆ ಜೇಡರ ಬಲೆಯ ಹಾಗೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ತನ್ನಿ, ತೇವ ಕುಡಿದು ಬಣ್ಣ ತಿರುಗಿದಾಗ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಫೋನ್ ಒದ್ದೆಯಾದರೆ ಅಕ್ಕಿಯಲ್ಲಿ ಹುಗಿಯಬೇಡಿ. ಅಕ್ಕಿಯ ಪುಡಿ ಚಾರ್ಜಿಂಗ್ ತೂತಿಗೆ ಹೋಗುತ್ತದೆ. ಹಾಗೆ ಮಾಡಬೇಡಿ ಅಂತ ಆಪಲ್ ಕಂಪನಿಯೇ ಹೇಳಿದೆ. ತೂತು ಕೆಳಗೆ ಮಾಡಿ ತಟ್ಟಿ, ಫ್ಯಾನ್ ಕೆಳಗಿಡಿ, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

ಕಾರವಾರದ ಕೋಡಿಬಾಗದಲ್ಲಿ ತಂಗಿಯ ಮನೆ. ಅಲ್ಲಿಯ ಕಷ್ಟ ಬೇರೆ, ಉಪ್ಪುಗಾಳಿ. ಫ್ರಿಜ್ಜಿನ ಹಿಂಬದಿ, ಏಸಿಯ ಹೊರಗಿನ ಡಬ್ಬ, ಗೇಟಿನ ಬೆಲ್ಲು, ಎಲ್ಲಕ್ಕೂ ತುಕ್ಕು. ಏಸಿ ತಗೊಳ್ಳುವಾಗ ಕಾಯಿಲ್ ಮೇಲೆ ತುಕ್ಕು ತಡೆಯುವ ಲೇಪ ಇರುವುದನ್ನೇ ಆರಿಸು ಅಂತ ಅವಳಿಗೆ ಹೇಳಿದ್ದೇನೆ. ಭಾವ ನೀರು, ದೂಳು ತಡೆಯುವ ಐಪಿ68 ಫೋನ್ ತಂದು, ಸಮುದ್ರಕ್ಕೂ ತಗೊಂಡು ಹೋಗಬಹುದಲ್ವಾ ಅಂತ ಕೇಳಿದ. ಬೇಡವೇ ಬೇಡ ಅಂದೆ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ಐಪಿ67 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ, 68 ಅಂದರೆ ಅದಕ್ಕಿಂತ ಹೆಚ್ಚು, ಎಷ್ಟು ಅನ್ನೋದನ್ನು ಕಂಪನಿ ಹೇಳುತ್ತದೆ. ಆದರೆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುನೀರಿನ ಮಾತು ಅದರಲ್ಲಿ ಇಲ್ಲ. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಕೆಟ್ಟರೆ ಯಾರು ಬಿಚ್ಚುತ್ತಾರೆ? ಇದು ನನ್ನ ಕೊನೆಯ ಪ್ರಶ್ನೆ. ಹೊಸ ಮಾಡೆಲ್ ತಗೊಳ್ಳುವ ಮುಂಚೆ ಶಿರಸಿ ಪೇಟೆಯ ರಿಪೇರಿ ಅಂಗಡಿಗೆ ಹೋಗಿ ಕೇಳುತ್ತೇನೆ: ಇದರ ಡಿಸ್‌ಪ್ಲೇ ಸಿಗುತ್ತದಾ, ಬ್ಯಾಟರಿ ಬದಲಿಸಲು ಬರುತ್ತದಾ? ಅವರ ಮುಖ ನೋಡಿದರೇ ಗೊತ್ತಾಗುತ್ತದೆ. ಯುರೋಪಿನಲ್ಲಿ ಬಳಸುವವರೇ ಬ್ಯಾಟರಿ ತೆಗೆದು ಹಾಕುವಂತಿರಬೇಕು ಅನ್ನುವ ನಿಯಮ 2027ರ ಫೆಬ್ರವರಿಯಿಂದ ಬರುತ್ತಿದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಕಂಪನಿ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ಲಿನ ಫೋಟೋ ತೆಗೆದಿಡಿ, ಇಲ್ಲಿಯ ತೇವಕ್ಕೆ ಬಿಲ್ಲಿನ ಅಕ್ಷರ ವರ್ಷದೊಳಗೆ ಮಾಸಿ ಹೋಗುತ್ತದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು ಅಂತ ಎಷ್ಟೋ ಜನ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್ ಮೂಲೆಗೆ ಹಾಕಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಪಕ್ಕದ ಮನೆ ಹುಡುಗಿಯ ಡಿಗ್ರಿ ಓದು ಅಂಥ ಲ್ಯಾಪ್‌ಟಾಪಿನಲ್ಲೇ ನಡೆಯುತ್ತಿದೆ. ಕನ್ನಡ ಟೈಪಿಂಗ್ ಕೂಡ ಅದರಲ್ಲೇ ಇದೆ.

ನಮ್ಮ ಕಡೆಗೆ ಬಂದ ಅತಿ ಒಳ್ಳೆಯ ಹೊಸ ವಸ್ತು ಯಾವುದು ಅಂತ ಕೇಳಿದರೆ ನಾನು ಫೋನನ್ನಾಗಲಿ ಟಿವಿಯನ್ನಾಗಲಿ ಹೇಳುವುದಿಲ್ಲ. ಕಾರ್ಬನ್ ಫೈಬರ್ ದೋಟಿ, ಅಂದರೆ ಕೊಯ್ಯುವ ಉದ್ದನೆಯ ಕೋಲು, ಅನ್ನುತ್ತೇನೆ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರು ಸಿಗುವುದೇ ಕಷ್ಟವಾಗಿರುವಾಗ, ನೆಲದ ಮೇಲೆ ನಿಂತೇ ಎತ್ತರದ ಮರದ ಅಡಿಕೆ ಗೊನೆ ಕೊಯ್ಯಬಹುದು, ಕೊಳೆ ರೋಗಕ್ಕೆ ಮದ್ದು ಹೊಡೆಯಬಹುದು. ಅಲ್ಯೂಮಿನಿಯಂ ದೋಟಿ ಹಿಡಿದು ಹೆಗಲು ನೋಯಿಸಿಕೊಂಡವರಿಗೆ ಇದರ ಹಗುರ ಏನು ಅಂತ ಗೊತ್ತು. ಜಾರುವ ಮರ ಹತ್ತಿ ಬಿದ್ದವರ ಮನೆ ನೋಡಿದವರಿಗೆ ಇದರ ಬೆಲೆ ಜಾಸ್ತಿ ಅನ್ನಿಸುವುದಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಅಂಚಿನಲ್ಲಿ ಕರೆಂಟ್ ಲೈನ್ ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಲೇಬೇಡಿ. ಬಾಡಿಗೆಗೆ ತಂದು ಕೆಲಸ ಮಾಡುವ ಹುಡುಗರಿಗೂ ತೋಟ ಹೊಕ್ಕುವ ಮುಂಚೆಯೇ ಕೈ ತೋರಿಸಿ ಹೇಳಿ, ಇಲ್ಲಿಂದ ಅಲ್ಲಿಯವರೆಗೆ ಬೇಡ ಅಂತ.