ಹಲ್ಲಿನ ಸಂದಿಗೆ ಪೊರಕೆ ಕಡ್ಡಿ ಸಾಲದು

ಊಟ ಮುಗಿದೊಡನೆ ಪೊರಕೆಯಿಂದ ಕಡ್ಡಿಯೊಂದನ್ನು ಮುರಿದು ಹಲ್ಲಿನ ಸಂದಿ ಕೆದಕುವುದು ನಮ್ಮಲ್ಲಿ ಹಳೆಯ ರೂಢಿ; ಮದುವೆಮನೆಯ ಪಂಕ್ತಿಯಿಂದ ಎದ್ದವರು ಸೇಫ್ಟಿ ಪಿನ್ನನ್ನೇ ಬಿಚ್ಚಿಕೊಂಡು ಈ ಕೆಲಸಕ್ಕೆ ನಿಲ್ಲುವುದನ್ನೂ ನಾನು ಕಂಡಿದ್ದೇನೆ. ಹೀಗಾಗಿ ಫ್ಲಾಸ್ ಎಂದರೆ ಸಿಕ್ಕಿಕೊಂಡ ಮಾವಿನ ನಾರನ್ನೋ ಅಡಿಕೆಯ ಚೂರನ್ನೋ ಹೊರತೆಗೆಯುವ ದುಬಾರಿ ದಾರವೆಂದು ಅನೇಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಸಂದಿಯಲ್ಲಿ ಏನೂ ಸಿಕ್ಕಿಕೊಳ್ಳದ ದಿನವೂ ಆ ದಾರಕ್ಕೆ ಕೆಲಸವಿರುತ್ತದೆ.

ಒಂದು ದವಡೆ ಹಲ್ಲಿಗೆ ಐದು ಮುಖಗಳಿವೆ. ಕೆನ್ನೆಯ ಕಡೆಯದು, ನಾಲಗೆಯ ಕಡೆಯದು, ಅಗಿಯುವ ಮೇಲ್ಭಾಗ, ಈ ಮೂರನ್ನು ಬ್ರಷ್ ಮುಟ್ಟುತ್ತದೆ. ಅಕ್ಕಪಕ್ಕದ ಹಲ್ಲುಗಳಿಗೆ ಒತ್ತಿಕೊಂಡಿರುವ ಉಳಿದೆರಡಕ್ಕೆ ಅದರ ಎಳೆಗಳು ಸರಿಯಾಗಿ ತಲುಪುವುದೇ ಇಲ್ಲ. ಆ ಗೋಡೆಗಳ ಮೇಲೆ ಬ್ಯಾಕ್ಟೀರಿಯಾಗಳ ಅಂಟಂಟಾದ ತೆಳುಪದರ, ವೈದ್ಯರು ಪ್ಲಾಕ್ ಎನ್ನುವುದು, ದಿನವೂ ಕಟ್ಟಿಕೊಳ್ಳುತ್ತಿರುತ್ತದೆ. ನಾವು ತಿಂದ ಸಕ್ಕರೆಯಿಂದ ಅದು ಆಮ್ಲ ತಯಾರಿಸಿ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲನ್ನು ಕರಗಿಸುತ್ತದೆ, ವಸಡನ್ನು ಕೆರಳಿಸುತ್ತದೆ. ಕೆಲವು ದಿನ ಹಾಗೆಯೇ ಬಿಟ್ಟರೆ ಜೊಲ್ಲಿನ ಖನಿಜಾಂಶ ಹೀರಿ ಗಟ್ಟಿಯಾದ ಕಿಟ್ಟವಾಗುತ್ತದೆ, ಆಮೇಲೆ ಯಾವ ದಾರಕ್ಕೂ ಜಗ್ಗದೆ ಸ್ಕೇಲಿಂಗನ್ನೇ, ಅಂದರೆ ವೈದ್ಯರು ಉಪಕರಣದಿಂದ ಕೆರೆದು ತೆಗೆಯುವುದನ್ನೇ, ಬೇಡುತ್ತದೆ. ಇಂಥ ಸಂದಿಯ ಹುಳುಕು ಆರಂಭದಲ್ಲಿ ಕನ್ನಡಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಷ್ಟೇ ಗೋಚರಿಸುತ್ತದೆ. ನೋವು ಬಂದು ವೈದ್ಯರ ಬಳಿ ಹೋಗುವ ಹೊತ್ತಿಗೆ ಮಾತು ಎಷ್ಟೋ ಸಲ ರೂಟ್ ಕೆನಾಲಿಗೆ ಬಂದು ನಿಂತಿರುತ್ತದೆ.

ಬಳಸುವ ಕ್ರಮವನ್ನು ತುಸು ವಿವರವಾಗಿಯೇ ಹೇಳಬೇಕು. ಸುಮಾರು 45 ಸೆಂಟಿಮೀಟರ್ ದಾರವನ್ನು ಎರಡೂ ನಡುಬೆರಳುಗಳಿಗೆ ಸುತ್ತಿಕೊಂಡು, ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಬಿಗಿಯಾಗಿ ಉಳಿಸಿಕೊಂಡು, ಹೆಬ್ಬೆರಳು ಮತ್ತು ತೋರುಬೆರಳಿನ ಹಿಡಿತದಲ್ಲಿ ಹಿಂದೆಮುಂದೆ ಮೆಲ್ಲಗೆ ಆಡಿಸುತ್ತ ಸಂದಿಗೆ ಇಳಿಸಬೇಕು. ಪಟ್ಟನೆ ಒತ್ತಿದರೆ ಎರಡು ಹಲ್ಲುಗಳ ನಡುವಿನ ಮುಕ್ಕೋನದ ವಸಡು ಕೊಯ್ದುಹೋಗುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿಗೆ ಬಾಗಿಸಿ ಅಪ್ಪಿಸಿ, ವಸಡಿನಂಚಿನ ಕೆಳಗೆ ಅದು ತಾನಾಗಿ ತಡೆಯುವವರೆಗೆ ಸರಿಸಿ, ಕೆಲವು ಸಲ ಮೇಲೆ ಕೆಳಗೆ ಉಜ್ಜಬೇಕು. ಅನಂತರ ಹೊರತೆಗೆಯದೆ ಪಕ್ಕದ ಹಲ್ಲಿನ ಗೋಡೆಗೂ ಹಾಗೆಯೇ ಮಾಡಬೇಕು. ಮೊದಮೊದಲು ರಕ್ತ ಕಂಡು ಬಹಳ ಜನ ಬಿಟ್ಟುಬಿಡುತ್ತಾರೆ. ಆ ರಕ್ತ ಸಾಮಾನ್ಯವಾಗಿ ವಸಡು ಮೊದಲೇ ಊದಿಕೊಂಡಿರುವುದರ ಗುರುತು. ನಿತ್ಯವೂ ಮೃದುವಾಗಿ ಮಾಡಿದರೆ ಒಂದೆರಡು ವಾರಗಳಲ್ಲಿ ಕಡಿಮೆಯಾಗುತ್ತದೆ, ಆಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಈ ಪದ್ಧತಿ ಹೊಸದೂ ಅಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ 1819ರಲ್ಲೇ ಮೇಣ ಹಚ್ಚಿದ ರೇಷ್ಮೆ ದಾರವನ್ನು ಶಿಫಾರಸು ಮಾಡಿದ್ದ. ರೇಷ್ಮೆಯ ಬದಲು ನೈಲಾನ್ ದಾರ ಬಂದದ್ದು ಎರಡನೆಯ ಮಹಾಯುದ್ಧದ ಕಾಲಕ್ಕೆ.

2016ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಫ್ಲಾಸಿನ ಪ್ರಯೋಜನಕ್ಕೆ ಪುರಾವೆ ದುರ್ಬಲವೆಂದು ವರದಿ ಮಾಡಿದಾಗ, ಇನ್ನು ಅದರ ಗೊಡವೆಯೇ ಬೇಡವೆಂದು ಖುಷಿಪಟ್ಟವರಿದ್ದರು. ಪುರಾವೆ ತೆಳುವಾಗಿರುವುದು ನಿಜ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯೂ, ಬ್ರಷ್ಷಿನ ಜೊತೆಗೆ ಫ್ಲಾಸ್ ಸೇರಿದರೆ ವಸಡಿನ ಉರಿಯೂತ ತಗ್ಗಬಹುದು ಎನ್ನುವಷ್ಟಕ್ಕೆ ನಿಲ್ಲುತ್ತದೆ. ಆದರೆ ನನಗೆ ಹೆಚ್ಚು ಅರ್ಥಪೂರ್ಣವೆನಿಸುವುದು 2006ರ ಇನ್ನೊಂದು ವಿಮರ್ಶೆ: ಶಾಲೆಯ ದಿನಗಳಂದು ತರಬೇತಿ ಪಡೆದವರೇ ಮಕ್ಕಳ ಹಲ್ಲುಗಳಿಗೆ ಫ್ಲಾಸ್ ಮಾಡಿದಾಗ ಸಂದಿಯ ಹುಳುಕಿನ ಅಪಾಯ ಶೇಕಡಾ 40ರಷ್ಟು ತಗ್ಗಿತ್ತು, ಹದಿಹರೆಯದವರು ತಾವೇ ಮಾಡಿಕೊಂಡಾಗ ಅಂಥ ಫಲ ಕಾಣಲಿಲ್ಲ. ದೋಷ ದಾರದ್ದಲ್ಲ, ಕೈಯದ್ದು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ವಸಡು ಇಳಿದು ಸಂದಿಗಳು ಅಗಲವಾದ ಹಿರಿಯರಿಗೆ ದಾರಕ್ಕಿಂತ ಸಂದಿಗೆಂದೇ ಬರುವ ಪುಟ್ಟ ಬ್ರಷ್ ಮೇಲು, ಬೆರಳಿನ ಕಸರತ್ತೂ ಕಡಿಮೆ. ಒತ್ತೊತ್ತಾಗಿ ಹಲ್ಲುಗಳಿರುವವರಿಗೆ ಮೇಣದ ದಾರ ಸುಲಭವಾಗಿ ಜಾರುತ್ತದೆ. ದಿನದಲ್ಲಿ ಒಮ್ಮೆ ಮಾಡಿದರೆ ಸಾಕು, ರಾತ್ರಿ ಮಲಗುವ ಮುಂಚೆಯಾದರೆ ಒಳ್ಳೆಯದು. ಪ್ರತಿಸಲವೂ ಒಂದೇ ಜಾಗದಲ್ಲಿ ದಾರ ಸಿಗುರೆದ್ದು ಹರಿಯುತ್ತಿದ್ದರೆ ಅಂಗಡಿಯವನನ್ನು ಬೈಯುವ ಬದಲು ಆ ಹಲ್ಲನ್ನು ವೈದ್ಯರಿಗೆ ತೋರಿಸಿ. ಅಲ್ಲಿ ಹಳೆಯ ಫಿಲ್ಲಿಂಗಿನ ಅಂಚು ಮುರಿದಿರಬಹುದು, ಕಿಟ್ಟವೋ ಹುಳುಕೋ ಇರಬಹುದು.